ಕರಡಿಗೆ ಕಟ್ಟಿಕೊಂಡ ಕಾಫಿ ಮಿಷನ್ನು

ಹಾಸನದಲ್ಲಿ ನೀಲಗಂಗಮ್ಮನ ಸಿಟ್ಟಿಗೆ ಹೆದರದ ಪ್ರಾಣಿ ಅಂತ ಇದ್ದದ್ದು ಒಂದೇ, ಅದು ಅವಳ ಗಂಡ ಚನ್ನಬಸವಯ್ಯ. ಅವನೇನು ಗಂಡೆದೆಯವನಲ್ಲ, ಇಲಿ ಓಡಿದರೆ ಬೆಂಚು ಹತ್ತುವ ಆಸಾಮಿ. ಹೆಂಡತಿಗೆ ಸಿಟ್ಟು ಬಂದಿದೆ ಅನ್ನುವುದೇ ಅವನಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಮಿಕ್ಕವರಿಗೆಲ್ಲ ಚೆನ್ನಾಗಿ ತಿಳಿಯುತ್ತಿತ್ತು. ಅವಳು ಹುಬ್ಬು ಗಂಟಿಕ್ಕಿದರೆ ಸಂತೇಪೇಟೆಯ ಹೆಂಚಿನ ಮೇಲಿನ ಕಾಗೆಗಳು ಸಂಸಾರ ಸಮೇತ ಆಲೂರಿಗೆ ಹಾರಿಹೋಗಿ ಎರಡು ದಿನ ಬಿಟ್ಟು ಬರುತ್ತಿದ್ದವು. ಹಾಲು ನೀರಾಗಿದೆ ಎಂದು ಅವಳು ಒಮ್ಮೆ ಗದರಿದ್ದಕ್ಕೆ ಹಾಲಿನ ಕಾಳಯ್ಯನ ಎಮ್ಮೆಗಳು ನೀರು ಕುಡಿಯುವುದನ್ನೇ ಬಿಟ್ಟವು. ಕಾಳಯ್ಯ ಕೈಮುಗಿದು, ಅವ್ವಾ ತಪ್ಪು ಎಮ್ಮೇದಲ್ಲ ನಂದು ಅಂತ ಒಪ್ಪಿಕೊಂಡ ಮೇಲೇ ಅವು ಕೆರೆಗೆ ಇಳಿದದ್ದು.

ಸಿಟ್ಟಿಗೆ ತಕ್ಕ ಕಾಫಿ. ಅವರ ಕಾಫಿ ಕ್ಲಬ್ಬಿನಲ್ಲಿ ಒಂದು ಲೋಟ ಕುಡಿದು ಎದ್ದವನು ಮೈಸೂರಿಗೆ ನಡೆದು ಹೋಗಿ ನಡೆದೇ ಬರಬಹುದಿತ್ತು, ದಾರಿಯಲ್ಲಿ ಎಲ್ಲೂ ಕೂರಬೇಕು ಅನ್ನಿಸುತ್ತಿರಲಿಲ್ಲ. ಘಮಲಿಗೆ ಹೆಣ ಎದ್ದು ಕೂತದ್ದೂ ಉಂಟು. ಯಾರದು ಅಂತ ಕೇಳಬಾರದು, ಎದ್ದವನು ಇನ್ನೂ ಬದುಕಿದ್ದಾನೆ, ನಾಚಿಕೊಳ್ಳುತ್ತಾನೆ.

ಆ ಕಾಫಿಯನ್ನು ಶುರು ಮಾಡಿದವಳು ಅವಳ ಅತ್ತೆ ರೇವಮ್ಮ. ಸಂತೆಗೆ ಬಂದವರಿಗೆ ಜಗಲಿಯ ಮೇಲೆ ಬೆಲ್ಲದ ಕಾಫಿ ಕೊಡುತ್ತಾ ಕೊಡುತ್ತಾ ಜಗಲಿಯೇ ಕ್ಲಬ್ಬಾಯಿತು. ಮುಂದೆ ಬೆಂಚುಗಳು, ಗಲ್ಲಾಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಮಗ ಚನ್ನಬಸವಯ್ಯ. ಆಮೇಲೆ ಒಂದು ಗೋಡೆ, ಗೋಡೆಯಲ್ಲೊಂದು ಕಿಂಡಿ. ಗೋಡೆಯಾಚೆ ಒಲೆ. ಗಿರಾಕಿಗಳು ನೀಲಗಂಗಮ್ಮನ ಮುಖ ಕಂಡವರಲ್ಲ, ಕಿಂಡಿಯಿಂದ ಲೋಟ ಚಾಚುವ ಬಳೆಗಳನ್ನು ಕಂಡವರು. ಮಲ್ಲಿಪಟ್ಟಣದ ಕಡೆಯಿಂದ ಬಂದ ಬೀಜವನ್ನು ಅವಳು ಕಣ್ಣು ಮುಚ್ಚಿಕೊಂಡು ಹುರಿಯುತ್ತಿದ್ದಳು. ಚಟಪಟ ಸದ್ದು ಕೇಳಿಯೇ ಬಾಣಲೆ ಇಳಿಸುವುದು. ಹಂಡೆಯ ನೀರು ಗುಂಯ್ ಅಂದರೆ ಇನ್ನೂ ಇಲ್ಲ, ಗುಳುಗುಳು ಅಂದರೆ ಹದ, ಸುಮ್ಮನಾದರೆ ತಳ ಹಿಡಿಯುತ್ತದೆ. ಒಲೆಯ ಮೇಲಿದ್ದದ್ದು ಸುಮ್ಮನಿದ್ದರೆ ನಂಬಬೇಡ ಅಂತ ಅತ್ತೆ ಹೇಳಿಕೊಟ್ಟದ್ದು.

ಅತ್ತೆ ಕಣ್ಣು ಮುಚ್ಚುವ ಮುಂಚೆ ಸೊಸೆಯನ್ನು ಹತ್ತಿರ ಕರೆದು, ಒಲೆ ನಿಂದು, ಕರಡಿಗೆ ನಿಂದು, ಗಲ್ಲಾಪೆಟ್ಟಿಗೆ ಬೇಕಾದ್ರೆ ಅವನು ಇಟ್ಕೊಳ್ಳಲಿ ಅಂದಿದ್ದಳು. ಕೊರಳ ಲಿಂಗ ಅವಳ ಜೊತೆಗೇ ಮಣ್ಣಿಗೆ ಹೋಯಿತು. ಲಿಂಗವನ್ನು ಇಟ್ಟು ಧರಿಸುತ್ತಿದ್ದ ಬೆಳ್ಳಿಯ ಕರಡಿಗೆ ಮಾತ್ರ, ಖಾಲಿಯಾಗಿ, ನೀಲಗಂಗಮ್ಮನ ದೇವರ ಗೂಡಿಗೆ ಬಂತು. ದಿನಾ ಒಲೆ ಹಚ್ಚುವ ಮುಂಚೆ ಅದನ್ನು ಕಣ್ಣಿಗೊತ್ತಿಕೊಂಡೇ ಅವಳು ಬೆಂಕಿಪೊಟ್ಟಣ ಹಿಡಿಯುತ್ತಿದ್ದದ್ದು.

ಹೀಗಿರುವಾಗ, ಜರ್ಮನಿಯವರು ಎರಡನೇ ಸಲ ಯುದ್ಧಕ್ಕೆ ಬೀಳುವುದಕ್ಕೆ ಒಂದು ವರ್ಷ ಮುಂಚೆ, ಸಕಲೇಶಪುರದ ಕಡೆಯ ಒಬ್ಬ ತೋಟದ ದೊರೆ ಗಂಟುಮೂಟೆ ಕಟ್ಟಿದ. ಬಂಗಲೆಯ ಸಾಮಾನೆಲ್ಲ ಹರಾಜಿಗೆ ಬಂತು. ಒಂದು ಕುರ್ಚಿ ತರುತ್ತೇನೆ ಅಂತ ಹೋದ ಚನ್ನಬಸವಯ್ಯ, ಗಾಡಿಯಲ್ಲಿ ಒಂದು ಹಿತ್ತಾಳೆಯ ಗೋಪುರ ಹೇರಿಕೊಂಡು ಬಂದ. ಎತ್ತುಗಳು ಸಂತೇಪೇಟೆಗೆ ಬರುವಷ್ಟರಲ್ಲಿ ಗಾಡಿ ಎಳೆಯುತ್ತಿದ್ದವೋ ತೆವಳುತ್ತಿದ್ದವೋ ಗೊತ್ತಾಗುತ್ತಿರಲಿಲ್ಲ. ಇಳಿಸುವುದಕ್ಕೆ ಬೀದಿಯೇ ಕೈಹಾಕಬೇಕಾಯಿತು. ನೆಲಕ್ಕಿಟ್ಟಾಗ ಆದ ಸದ್ದಿಗೆ ಚನ್ನರಾಯಪಟ್ಟಣದಲ್ಲಿ ಒಬ್ಬಳ ಕೈಯಿಂದ ರೊಟ್ಟಿ ಜಾರಿತಂತೆ.

ಅದು ಕಾಫಿ ಮಿಷನ್ನು. ಇಟಲಿಯದು. ಆಳೆತ್ತರದ ಹಿತ್ತಾಳೆ ಹಂಡೆ, ಕೆಳಗೆ ಇದ್ದಿಲು ತುಂಬುವ ಬಾಯಿ, ಹೊಟ್ಟೆಯ ಸುತ್ತ ಹಿಡಿಕೆ, ನಲ್ಲಿ, ತಿರುಪು. ಎದೆಯ ಮೇಲೆ ಗಡಿಯಾರದ ಹಾಗೆ ಗಾಜಿನ ಬಿಲ್ಲೆ, ಅದರಲ್ಲಿ ಒಂದು ಮುಳ್ಳು. ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಒಂದು ಹಿತ್ತಾಳೆಯ ಹದ್ದು, ಅದರ ಕೊರಳ ಹತ್ತಿರ ಉಗಿ ಬಿಡುವ ಒಂದು ಪುಟ್ಟ ಮುಚ್ಚಳ. ಮಿಷನ್ನಿನ ಜೊತೆಗೆ ದೊರೆಯ ಬಟ್ಲರ್ ಲಕ್ಕಣ್ಣನೂ ಬಂದ. ಕೊಣನೂರಿನವನು, ದೊರೆಗಳ ಬೂಟು ಸವೆದದ್ದಕ್ಕಿಂತ ಅವನ್ನು ತಿಕ್ಕಿದ ತನ್ನ ಕೈ ಹೆಚ್ಚು ಸವೆದಿದೆ ಅನ್ನುವವನು. ಅವನು ಚನ್ನಬಸವಯ್ಯನಿಗೆ ಎಲ್ಲ ಹೇಳಿಕೊಟ್ಟ. ಪುಡಿಯನ್ನು ಚಮಚದಂಥ ಹಿಡಿಕೆಗೆ ತುಂಬಿ, ಒತ್ತಿ, ಕಚ್ಚಿಸಿ, ತಿರುಪು ತಿರುಗಿಸಿದರೆ ಉಗಿ ನೀರನ್ನು ನೂಕುತ್ತದೆ, ಕೆಳಗಿನ ಕಪ್ಪಿಗೆ ಕರ್ರಗಿನ ಕಾಫಿ ಇಳಿಯುತ್ತದೆ. ಹೆಸರು ಎಸ್ಪ್ರೆಸ್ಸೊ. ಪಕ್ಕದ ಕೊಳವೆಯಿಂದ ಹಾಲಿಗೆ ಉಗಿ ಊದಿ ನೊರೆ ಬರಿಸಿ ಸುರಿದರೆ ಕಾಪುಚಿನೊ. ಊರಿಗೆ ಹೊರಡುವ ದಿನ ಲಕ್ಕಣ್ಣ ಹದ್ದಿನ ಕಡೆ ಬೆರಳು ಮಾಡಿ ಒಂದೇ ಮಾತು ಗಟ್ಟಿಯಾಗಿ ಹೇಳಿದ. ಅದು ಕಿಂಡಿಯಾಚೆಗೂ ಕೇಳಿಸಿತು.

“ಈ ಅದ್ದು ಉಸ್ರು ಬುಡ್ತಾ ಇರ್ಬೇಕು ಕಣ್ ಸಾ. ಮುಳ್ಳು ಕೆಂಪ್ ಗೆರೆ ದಾಟ್ದಾಗ ಅದು ಬುಸ್ ಅನ್ಲಿಲ್ಲ ಅಂದ್ರೆ, ಅತ್ರ ನಿಂತ್ಕಬ್ಯಾಡಿ.”

ಚನ್ನಬಸವಯ್ಯ ತಲೆಯಾಡಿಸಿದ. ಅವನ ಕಣ್ಣು ಹದ್ದಿನ ಹೊಳಪಿನಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿತ್ತು.

ಮಿಷನ್ನು ನೋಡಲು ಜನ ಎಲ್ಲಿಂದ ಬಂದರು ಅಂತ ಹೇಳುವುದಕ್ಕಿಂತ ಎಲ್ಲಿಂದ ಬರಲಿಲ್ಲ ಅಂತ ಹೇಳುವುದು ಸುಲಭ. ಬಂದವರು ಎಸ್ಪ್ರೆಸ್ಸೊ ಅಂತ ಬೋರ್ಡು ಬರೆಸಿದ್ದನ್ನು ಓದಿ, ಅದನ್ನು ಅಲ್ಲೇ ಬಿಟ್ಟು, ತಮಗೆ ಬೇಕಾದ ಹೆಸರು ಇಟ್ಟುಕೊಂಡು ಹೋದರು. ಹೊಳೆನರಸೀಪುರದವರಿಗೆ ದಿನಾ ರೈಲು ನೋಡಿ ಅಭ್ಯಾಸ. ಹೊಗೆ, ಉಗಿ, ಶಿಳ್ಳೆ ಮೂರೂ ಇದ್ದದ್ದರಿಂದ ಅವರಿಗೆ ಅದು ರೈಲು ಕಾಫಿ. ಕಪ್ಪು ಹೆಬ್ಬೆಟ್ಟಿನಷ್ಟೇ ಇದ್ದದ್ದರಿಂದ ಚನ್ನರಾಯಪಟ್ಟಣದವರು ಔಷಧಿ ಕಾಫಿ ಅಂದರು. ಕುಡಿದು ಮೂಗು ಮುಚ್ಚಿಕೊಂಡು ಬೆಲ್ಲ ಕೇಳಿದರು. ಅರಕಲಗೂಡಿನ ಕಡೆಯವರು ಹಾವಿನ ಜೊತೆ ಬಾಳಿದವರು, ಬುಸ್ ಕಾಫಿ ಅಂದರು. ನೊರೆ ಹಾಕಿದ್ದಕ್ಕೆ ಎಲ್ಲರೂ ಸೇರಿ ಇಟ್ಟ ಹೆಸರು ಕ್ಷೌರದ ಕಾಫಿ, ಮೀಸೆಗೆಲ್ಲ ನೊರೆ ಹತ್ತುತ್ತಿತ್ತಲ್ಲ. ಕಹಿಯ ವಿಷಯ ಹೇಳುವುದಾದರೆ, ಬೇವಿನ ಮರವೊಂದು ಅದನ್ನು ಮೂಸಿ ಒಣಗಿಹೋಯಿತು. ಆದರೂ ಕುಡಿದರು. ಇಟಲಿಯದು ಕುಡಿದೆ ಅಂತ ಊರಿಗೆ ಹೋಗಿ ಹೇಳಬೇಕಲ್ಲ.

ಹಾಸನದವರು ಮಾತ್ರ ಹೆಸರನ್ನು ಮಿಷನ್ನಿಗೆ ಇಡಲಿಲ್ಲ, ನೀಲಗಂಗಮ್ಮನ ಎದೆಗೇ ಇಟ್ಟರು. ಪಕ್ಕದ ಮನೆಯ ಸರಸಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು, ಹೇಳಬಾರದು ಹೇಳಬಾರದು ಅನ್ನುತ್ತಲೇ ಹೇಳಿದಳು.

“ಊರೆಲ್ಲ ಸವತಿ ಕಾಫಿ ಅಂತ ಕರೀತಾರೆ ಕಣಕ್ಕ. ಭಾವ ಇಟಲಿಯಿಂದ ಎರಡನೇ ಹೆಣ್ಣು ತಂದವ್ರೆ, ಮೈಯೆಲ್ಲ ಚಿನ್ನ, ಹಳೇಳಿಗೆ ಮಸಿ ಅಂತ.”

ನೀಲಗಂಗಮ್ಮ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಹಿಂಡಿದಳು. ಹೌದು, ಒಡೆಯಲಿಲ್ಲ, ಹಿಂಡಿದಳು. ಒಳಗೆ ಹೋಗಿ ಗಂಡನ ಮುಂದೆ ನಿಂತು, ಇದನ್ನು ಕೊಟ್ಟು ಕಳಿಸಿ, ಅತ್ತೆ ಒಲೆ ಇರುವ ಮನೆಯಲ್ಲಿ ಇದಕ್ಕೆ ಜಾಗ ಇಲ್ಲ ಎಂದಳು. ಬೀದಿಗೆಲ್ಲ ಕೇಳಿಸುವ ಹಾಗೆ ಎಂದಳು. ಮಿಷನ್ನಿನ ಗಾಜಿನ ಮುಳ್ಳು ಬೆಂಕಿಯಿಲ್ಲದೆ ಒಂದು ಗೆರೆ ಏರಿತು ಅನ್ನುತ್ತಾರೆ ನೋಡಿದವರು. ಚನ್ನಬಸವಯ್ಯ ನಕ್ಕ. ನಿನಗೆ ವಿಶ್ರಾಂತಿ ಸಿಗಲಿ ಅಂತಲೇ ತಂದದ್ದು, ಇಷ್ಟು ವರ್ಷ ಹೊಗೆ ಕುಡಿದದ್ದು ಸಾಲದೇ ಅಂದ. ಅವನ ದನಿಯಲ್ಲಿ ಪ್ರೀತಿಯೇ ಇತ್ತು. ಅದೇ ಅವಳನ್ನು ಇನ್ನೂ ಸುಟ್ಟದ್ದು. ಬೈದಿದ್ದರೆ ಬೈಯಬಹುದಿತ್ತು.

ಅವಳು ಸೋಲಲಿಲ್ಲ. ಕಿಂಡಿ ತೆರೆದೇ ಇತ್ತು, ಒಲೆ ಉರಿಯುತ್ತಲೇ ಇತ್ತು. ಮಿಷನ್ನಿನದು ಒಂದು ಕಪ್ಪು ಕುಡಿದು ಮುಖ ಸೊಟ್ಟ ಮಾಡಿಕೊಂಡವರು ಮೆಲ್ಲಗೆ ಕಿಂಡಿಯ ಹತ್ತಿರ ಬಂದು, ಬಾಯಿ ತೊಳಕೊಳ್ಳೋಕೆ ಒಂದು ಲೋಟ ಕೊಡವ್ವ ಅನ್ನುತ್ತಿದ್ದರು. ಇದು ಚನ್ನಬಸವಯ್ಯನ ಕಣ್ಣಿಗೆ ಬಿತ್ತು. ಆ ವಾರವೇ ಚನ್ನರಾಯಪಟ್ಟಣದಲ್ಲಿ ನೀಲಗಂಗಮ್ಮನ ಅಣ್ಣನ ಮಗುವಿಗೆ ತೊಟ್ಟಿಲ ಶಾಸ್ತ್ರ ಬಂತು. ಎಂದೂ ತವರಿಗೆ ಹೋಗು ಅನ್ನದ ಗಂಡ ತಾನೇ ಗಾಡಿ ಹೂಡಿಸಿ, ಎರಡು ದಿನ ಇದ್ದು ಬಾ ಎಂದ. ಅವಳಿಗೆ ಅಲ್ಲೇ ಗುಮಾನಿ ಬರಬೇಕಿತ್ತು. ಮಗುವಿನ ಆಸೆಗೆ ಹೋದಳು.

ಬಂದು ನೋಡಿದರೆ ಒಲೆ ಇಲ್ಲ.

ಗಾರೆ ಕೆಲಸದ ರಾಮಣ್ಣನನ್ನು ಕರೆಸಿ, ಹಾರೆಯಲ್ಲಿ ಕೀಳಿಸಿ, ನೆಲ ಸಮ ಮಾಡಿಸಿ ಸಾರಿಸಿಬಿಟ್ಟಿದ್ದರು. ಕಿಂಡಿಗೆ ಇಟ್ಟಿಗೆ ಬಿದ್ದಿತ್ತು. ಇಟ್ಟಿಗೆಯ ಮೇಲಿನ ಮಣ್ಣು ಇನ್ನೂ ಹಸಿ. ಅತ್ತೆ ತನ್ನ ಕೈಯಾರೆ ಮೆತ್ತಿದ ಒಲೆಗುಂಡುಗಳು ಹಿತ್ತಲಲ್ಲಿ ನುಗ್ಗೆ ಮರದ ಬುಡದಲ್ಲಿ ಮಸಿಯ ಮುಖ ಮಾಡಿಕೊಂಡು ಬಿದ್ದಿದ್ದವು. ನೀಲಗಂಗಮ್ಮ ತವರಿನ ಸೀರೆಯಲ್ಲೇ ಕೂತು ಒಂದು ಗುಂಡನ್ನು ಮಡಿಲಿಗೆ ಎತ್ತಿಕೊಂಡಳು. ಆಮೇಲೆ ಎದ್ದಳು. ಆ ಸಂಜೆ ಅವಳು ಗಂಡನನ್ನು ಬೈದ ಬೈಗುಳದಲ್ಲಿ ಕೆಲವು ಆ ಹೊತ್ತಿನವರೆಗೆ ಕನ್ನಡದಲ್ಲಿ ಇರಲೇ ಇಲ್ಲ, ಅವತ್ತೇ ಹುಟ್ಟಿದವು. ಬೀದಿ ಕೊನೆಯ ದನಗಳು ಹಗ್ಗ ಕಿತ್ತವು. ಕೊನೆಗೆ ಗಂಡ ಕಿವಿಗೆ ಕೈಯಿಟ್ಟುಕೊಂಡು, ಕೂಗಾಡಬೇಡ ಕಣೇ, ಮನೆ ಹೆಂಗಸು ಮನೆಯಲ್ಲಿ ಬಾಯಿಮುಚ್ಕೊಂಡು ಸುಖವಾಗಿರೋದಕ್ಕೆ ಏನು ಕಷ್ಟ ಎಂದ. ಆಗಲೂ ಅವನು ನಗುತ್ತಲೇ ಇದ್ದ.

ಮುಂದಿನ ಸಂತೆಗೆ ಅರಕಲಗೂಡಿನ ಅಯ್ಯನವರು ಬಂದರು. ಜಂಗಮರು, ಮುದುಕರು, ಪ್ರತಿ ಸಂತೆಗೂ ಕಿಂಡಿಯ ಪಕ್ಕದ ಬೆಂಚಿನಲ್ಲೇ ಕೂತು ಎರಡು ಲೋಟ ಕುಡಿಯದೆ ಹೋದವರಲ್ಲ. ಚನ್ನಬಸವಯ್ಯ ಹೆಮ್ಮೆಯಿಂದ ಹೆಬ್ಬೆಟ್ಟಿನ ಕಪ್ಪು ತಂದು ಮುಂದಿಟ್ಟ. ಅಯ್ಯನವರು ಒಮ್ಮೆ ಕಪ್ಪು ನೋಡಿದರು, ಒಮ್ಮೆ ಮುಚ್ಚಿದ ಕಿಂಡಿ ನೋಡಿದರು. ಇಷ್ಟಲಿಂಗ ಕಟ್ಟಿಕೊಳ್ಳದವರನ್ನು ಭವಿ ಅನ್ನುವುದು, ಭವಿಯ ಕೈಯ ಅಡುಗೆ ನಿಷ್ಠೆಯ ಹಿರಿಯರು ಮುಟ್ಟುವುದಿಲ್ಲ. ಅದನ್ನೇ ಹಿಡಿದು ಮುದುಕರು ಒಂದು ಚಟಾಕಿ ಹಾರಿಸಿದರು.

“ಏನಯ್ಯಾ ಚನ್ನಬಸವ, ನಿನ್ನ ಇಟಲಿಯೋಳ ಕೊರಳಲ್ಲಿ ಲಿಂಗಾನೇ ಕಾಣೆನಲ್ಲ. ಭವಿ ಪಾಕ ನನಗಾಗದಪ್ಪ. ನಮ್ಮ ಹುಡುಗಿ ಮಾಡಿದ್ದಿದ್ರೆ ಕೊಡು.”

ಬೆಂಚಿನವರೆಲ್ಲ ನಕ್ಕರು. ಅಯ್ಯನವರು ಎದ್ದು ಹೋದರು. ಅವರ ಹಿಂದೆ, ನಿಷ್ಠೆಯ ನೆಪ ಸಿಕ್ಕ ಸಂತೋಷಕ್ಕೆ, ಆ ಕಹಿಯಿಂದ ತಪ್ಪಿಸಿಕೊಳ್ಳಬೇಕೆಂದಿದ್ದ ಎಲ್ಲ ವ್ಯಾಪಾರಸ್ಥರೂ ಎದ್ದರು. ನಕ್ಕದ್ದು ಎಲ್ಲರೂ, ನಗದೆ ಕೂತು ಯೋಚಿಸಿದವನು ಚನ್ನಬಸವಯ್ಯ ಒಬ್ಬನೇ. ಅವನಿಗೆ ಚಟಾಕಿ ಅನ್ನುವುದು ಮೂರು ಜನ್ಮಕ್ಕೂ ತಿಳಿಯದು. ಮಿಷನ್ನಿಗೆ ಲಿಂಗದೀಕ್ಷೆ ಕೊಟ್ಟರೆ ಆಯಿತಲ್ಲ ಅಂದುಕೊಂಡ.

ಲಿಂಗವನ್ನು ಯಾರು ಕೊಡುತ್ತಾರೆ, ಕೇಳುವ ಧೈರ್ಯವೂ ಅವನಿಗಿಲ್ಲ. ಕರಡಿಗೆ ಇದ್ದರೆ ಸಾಕು, ಒಳಗೆ ಇಣುಕಿ ನೋಡುವವರು ಯಾರು? ದೇವರ ಗೂಡಿನಲ್ಲಿ ಅಮ್ಮನದು ಇದೆಯಲ್ಲ. ಮಾರನೆಯ ಬೆಳಗ್ಗೆ ನೀಲಗಂಗಮ್ಮ ಬಾವಿಗೆ ಹೋದಾಗ ಅದನ್ನು ತೆಗೆದ. ಮಿಷನ್ನನ್ನು ಹುಣಸೆಹಣ್ಣು ಹಾಕಿ ತಿಕ್ಕಿದ, ಎದೆಯ ಗಾಜಿನ ಬಿಲ್ಲೆ ಹಣೆಯ ಹಾಗೆ ಕಂಡದ್ದರಿಂದ ಅದರ ಮೇಲೆ ಮೂರು ಬೆರಳಿನಲ್ಲಿ ದಪ್ಪಗೆ ವಿಭೂತಿ ಬಳಿದ. ಒಳಗಿನ ಮುಳ್ಳು ಕಾಣದಾಯಿತು. ಆಮೇಲೆ ಸ್ಟೂಲು ಹತ್ತಿ ಕರಡಿಗೆ ಕಟ್ಟಿದ್ದ ಶಿವದಾರವನ್ನು ಹದ್ದಿನ ಕೊರಳಿಗೆ ಹಾಕಿದ. ಆದರೆ ಮಿಷನ್ನು ಉಗಿ ಬಿಟ್ಟಾಗೆಲ್ಲ ನಡುಗುತ್ತಿತ್ತು, ಕರಡಿಗೆ ಅಲ್ಲಾಡುತ್ತಿತ್ತು. ಕರಡಿಗೆ ನೆಲಕ್ಕೆ ಬಿದ್ದರೆ? ಅದಕ್ಕಿಂತ ದೊಡ್ಡ ಅಪಚಾರ ಅವನ ಕುಲದಲ್ಲಿ ಇಲ್ಲ. ಹಾಗಾಗಿ ಅವನು ದಾರವನ್ನು ಹದ್ದಿನ ಕೊರಳ ಕೆಳಗಿನ ಆ ಪುಟ್ಟ ಮುಚ್ಚಳಕ್ಕೂ ಸುತ್ತಿದ. ಭಕ್ತಿ ಹೆಚ್ಚಾಗಿ ಇನ್ನೊಂದು ಸುತ್ತು ಸುತ್ತಿದ. ಅದೂ ಸಾಲದೆಂದು ಚೀಲ ಹೊಲೆಯುವ ಹುರಿ ತಂದು ಬಿಗಿದು, ಹಲ್ಲಿನಲ್ಲಿ ಎಳೆದು, ಬ್ರಹ್ಮನೂ ಬಿಚ್ಚಲಾಗದ ಗಂಟು ಹಾಕಿದ.

ಕೊಡ ಹೊತ್ತು ಬಂದ ನೀಲಗಂಗಮ್ಮ ಗೂಡು ನೋಡಿದಳು, ಖಾಲಿ. ನಡುಮನೆಯ ಬಾಗಿಲಿಂದ ಇಣುಕಿದಳು. ಅತ್ತೆಯ ಎದೆಯ ಮೇಲಿದ್ದ ಬೆಳ್ಳಿ, ಆ ಹಿತ್ತಾಳೆಯ ಬಿನ್ನಾಣಗಿತ್ತಿಯ ಕೊರಳಲ್ಲಿ.

ಬೀದಿಯವರು ಕಿವಿ ಮುಚ್ಚಿಕೊಂಡು ಕಾದರು. ಸರಸಮ್ಮ ಮಕ್ಕಳನ್ನು ಒಳಗೆ ಕರೆದಳು. ಕಾಗೆಗಳು ಹೊರಟವು. ಆದರೆ ಸದ್ದಿಲ್ಲ. ನೀಲಗಂಗಮ್ಮ ಕೊಡ ಇಳಿಸಿ, ಸೆರಗು ಸುತ್ತಿಕೊಂಡು, ಒಲೆ ಇದ್ದ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಅವತ್ತು ಮಾತಾಡಲಿಲ್ಲ, ಮಾರನೇ ದಿನವೂ ಇಲ್ಲ. ಅಡುಗೆಮನೆಯ ಸಣ್ಣ ಒಲೆಯಲ್ಲಿ ರೊಟ್ಟಿ ಸುಟ್ಟು ಗಂಡನಿಗೆ ಬಡಿಸಿದಳು, ಅವನ ಮುಖ ನೋಡಲಿಲ್ಲ. ಅವಳ ಬಾಯೊಳಗೆ ಬಂದ ಮಾತೆಲ್ಲ ಹಲ್ಲಿಗೆ ಬಡಿದು ಒಳಕ್ಕೆ ಹೋಗುತ್ತಿತ್ತು. ಹೊಟ್ಟೆಯಲ್ಲಿ ಅದು ಕೊತಕೊತ ಕುದಿಯುವುದು ಅವಳಿಗೇ ಕೇಳಿಸುತ್ತಿತ್ತು. ಅಂಗೈ ಇಟ್ಟ ಗೋಡೆ ಬಿಸಿಯಾಗುತ್ತಿತ್ತು. ಬೀದಿಯವರು ಆ ಮನೆಯ ಮುಂದೆ ತುದಿಗಾಲಲ್ಲಿ ಓಡಾಡಿದರು. ಚನ್ನಬಸವಯ್ಯ ಮಾತ್ರ, ಅಂತೂ ಮಿಷನ್ನೂ ಶಾಂತವಾಯಿತು, ಮನೆಯವಳೂ ಶಾಂತವಾದಳು ಅಂತ ಸಿಕ್ಕಸಿಕ್ಕವರಿಗೆ ಹೇಳಿಕೊಂಡ.

ಮಿಷನ್ನು ಶಾಂತವಾದದ್ದು ನಿಜ. ದೀಕ್ಷೆಯಾದ ಮೇಲೆ ಅದು ಬುಸ್ ಅನ್ನುವುದನ್ನೇ ಬಿಟ್ಟಿತು. ಸಂತೆಯಿಲ್ಲದ ದಿನಗಳಲ್ಲಿ ಬೆಂಕಿಯೂ ಕಡಿಮೆ, ನಲ್ಲಿಯೂ ತೆರೆದೇ ಇರುತ್ತಿತ್ತು, ನಡೆದುಹೋಯಿತು. ಸಂತೆ ದಿನ ಬಂತು. ಕರಡಿಗೆಯ ಸುದ್ದಿ ಕೇಳಿ ಎದ್ದು ಹೋಗಿದ್ದವರೂ ಬಂದರು, ತಮಾಷೆ ನೋಡುವವರೂ ಬಂದರು. ಬೆಂಚು ತುಂಬಿ, ಬೆಂಚಿನ ಮೇಲೆ ಕೂತವರ ತೊಡೆಯ ಮೇಲೆ ಕೂತು, ಅವರ ಹೆಗಲ ಮೇಲೂ ಕೂತಿದ್ದರು. ಚನ್ನಬಸವಯ್ಯ ಇದ್ದಿಲನ್ನು ಮಿಷನ್ನಿನ ಬಾಯಿತುಂಬ ತುಂಬಿಸಿ ಬೀಸಿದ. ಅಷ್ಟರಲ್ಲಿ ಅಯ್ಯನವರು ಬಾಗಿಲಲ್ಲಿ ನಿಂತರು. ಹದ್ದಿನ ಕೊರಳು ನೋಡಿದರು. ಮುದುಕರ ಮುಖ ಕೆಂಡವಾಯಿತು. ನಾನು ನಗೆಯಾಡಿದ್ದಕ್ಕೆ ನೀನು ಹಿರಿಯರ ಕರಡಿಗೆ ತಂದು ಪಾತ್ರೆಗೆ ಕಟ್ಟಿದೆಯಾ, ಅದರೊಳಗೆ ಏನಿಟ್ಟಿದ್ದೀಯ ತೆಗೆದು ತೋರಿಸು ಅಂತ ಕೋಲು ಕುಟ್ಟಿ ಕೇಳಿದರು. ಚನ್ನಬಸವಯ್ಯ ಒಂದು ಕೈಯಲ್ಲಿ ತಲೆ ಕೆರೆದುಕೊಂಡ. ಇನ್ನೊಂದು ಕೈಯಲ್ಲಿ, ಗಾಬರಿಗೆ, ತೆರೆದಿದ್ದ ನಲ್ಲಿಯನ್ನು ಪೂರ್ತಿ ತಿರುಗಿಸಿ ಮುಚ್ಚಿದ.

ಗೋಡೆಯಾಚೆ ನೀಲಗಂಗಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಅಯ್ಯನವರ ಬೈಗುಳ ಅವಳ ಕಿವಿಗೆ ಹೋಳಿಗೆಯ ಹಾಗೆ ಇಳಿಯುತ್ತಿತ್ತು. ಇನ್ನೂ ಬೈಯಲಿ, ಸಾಲದು, ಅಂದುಕೊಂಡಳು. ಆಗ ಗಮನಕ್ಕೆ ಬಂತು. ಬೈಗುಳ ಬಿಟ್ಟರೆ ಬೇರೆ ಸದ್ದಿಲ್ಲ. ಇದ್ದಿಲು ಸಿಡಿಯುತ್ತಿದೆ, ಬೆಂಕಿ ಜೋರಿದೆ, ನೀರಿನದು ಗುಂಯ್ ಇಲ್ಲ, ಗುಳುಗುಳು ಇಲ್ಲ. ಒಲೆಯ ಮೇಲಿದ್ದದ್ದು ಸುಮ್ಮನಿದೆ.

ಈ ಅದ್ದು ಉಸ್ರು ಬುಡ್ತಾ ಇರ್ಬೇಕು ಕಣ್ ಸಾ.

ಅವಳಿಗೆ ತಿಳಿಯಿತು. ತಿಳಿದೂ ಕೂತಿದ್ದಳು. ಇದನ್ನು ಮುಚ್ಚಿಟ್ಟು ಹೇಳುವುದು ಬೇಡ, ಒಂದು ಉಸಿರಿನಷ್ಟು ಹೊತ್ತು ಅವಳು ಕೂತೇ ಇದ್ದಳು. ಹೋಗಲಿ. ಅತ್ತೆಯ ಒಲೆ ಹೋದ ಹಾಗೆ ಅದೂ ಹೋಗಲಿ, ಚೂರುಚೂರಾಗಲಿ. ಆಮೇಲೆ ಬೆಂಚಿನವರ ನೆನಪಾಯಿತು. ಅಯ್ಯನವರ ನೆನಪಾಯಿತು. ಹಾಲಿನ ಕಾಳಯ್ಯ ಅಲ್ಲೇ ಕೂತಿರುತ್ತಾನೆ, ಅವನ ಎಮ್ಮೆಗಳ ಗತಿಯೇನು ಅನ್ನಿಸಿತು. ಅತ್ತೆಯ ಕರಡಿಗೆ ನೆನಪಾಯಿತು. ಗಂಡನ ಸರದಿ ಕೊನೆಗೆ ಬಂತು, ಬಂದದ್ದಂತೂ ಹೌದು.

ನಡುಮನೆಯ ಬಾಗಿಲು ದಾಟಿ ಅವಳು ಕ್ಲಬ್ಬಿನೊಳಗೆ ಕಾಲಿಟ್ಟಳು. ಬಳೆಗಳನ್ನಷ್ಟೇ ಕಂಡಿದ್ದವರು ಮೊದಲ ಸಲ ಮುಖ ಕಂಡರು. ಕಂಡವರಲ್ಲಿ ಅರ್ಧ ಜನಕ್ಕೆ ಅಲ್ಲೇ ಬೆವರಿತು. ಅಯ್ಯನವರ ಕೋಲು ಗಾಳಿಯಲ್ಲೇ ನಿಂತಿತು.

“ಎಲ್ಲಾ ಎದ್ದು ಬೀದಿಗೆ ನಡೀರಿ,” ಅಂದಳು. “ಓಡಿ.”

ಎಷ್ಟೋ ದಿನದ ಮೇಲೆ ಬಂದ ದನಿ. ಕೂಗಲಿಲ್ಲ. ಅದಕ್ಕೇ ಎಲ್ಲರೂ ಎದ್ದರು. ಲೋಟ ಉರುಳಿದವು, ಬೆಂಚು ಉರುಳಿದವು. ಕಾಳಯ್ಯ ಅಯ್ಯನವರನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಿದ. ಚನ್ನಬಸವಯ್ಯ ಮಿಷನ್ನಿಗೆ ಅಡ್ಡ ನಿಂತ.

“ಏನೇ ಇದು, ಗಂಡಸರ ಮಧ್ಯೆ? ಒಳಗೆ ಹೋಗು. ನೋಡು ಎಷ್ಟು ಶಾಂತವಾಗಿದೆ.”

“ಶಾಂತ ಅಲ್ಲ ಅದು. ನೀವು ಬಾಯಿ ಕಟ್ಟಿದೀರಿ.”

ಅವನು ಇನ್ನೂ ಏನೋ ಹೇಳುತ್ತಿದ್ದ. ಅವಳು ಅವನ ಪಂಚೆಯ ಸೊಂಟದ ಗಂಟು ಹಿಡಿದಳು, ಒಂದು ಎಳೆತಕ್ಕೆ ಗಲ್ಲಾಪೆಟ್ಟಿಗೆ ದಾಟಿಸಿದಳು, ಇನ್ನೊಂದಕ್ಕೆ ಹೊಸಿಲು. ಬೀದಿಯ ಚರಂಡಿಯಾಚೆ ಅವನನ್ನು ಕೆಡವಿ ತಾನೂ ಬೋರಲಾಗಿ ಬಿದ್ದಳು.

ಆಮೇಲೆ ಆದ ಸದ್ದಿನ ಬಗ್ಗೆ ಏನು ಹೇಳಿದರೂ ಕಡಿಮೆಯೇ. ಹಾಸನದ ಕೋಳಿಗಳೆಲ್ಲ ಒಟ್ಟಿಗೆ ಮೊಟ್ಟೆ ಇಟ್ಟವು, ಹುಂಜಗಳೂ ಇಟ್ಟವು. ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಹೊರಡುವ ಶಿಳ್ಳೆ ಅಂದುಕೊಂಡು ಮಾಸ್ತರರಿಲ್ಲದೆ ಹೊರಟಿತು. ಹಂಡೆ ಸೀಳಿ ನೆಟ್ಟಗೆ ಮೇಲೆ ಹೋಯಿತು, ಹೆಂಚು ಆಕಾಶಕ್ಕೆ ಹೋದವು, ಹೆಂಚಿನ ಹಿಂದೆ ಹದ್ದು. ಹಿತ್ತಾಳೆಯ ಹದ್ದು ರೆಕ್ಕೆ ಬಡಿದದ್ದನ್ನು ಕಂಡೆವು ಅಂತ ಆಣೆ ಮಾಡುವವರಿದ್ದಾರೆ. ಹೊಳೆನರಸೀಪುರದವರ ಪ್ರಕಾರ ಅದು ಹೇಮಾವತಿಗೆ ಬಿತ್ತು, ಆ ವರ್ಷವೆಲ್ಲ ಅವರ ಊರಿನ ಮೀನು ನಿದ್ದೆ ಮಾಡಲಿಲ್ಲ. ಅರಕಲಗೂಡಿನವರು ತಮ್ಮ ಕೋಟೆಯ ಮೇಲೆ ಇಳಿದು ದಣಿವಾರಿಸಿಕೊಂಡು ಹೋಯಿತು ಅನ್ನುತ್ತಾರೆ. ಚನ್ನರಾಯಪಟ್ಟಣದವರು ತಮ್ಮ ಕೆರೆಯ ಏರಿಯ ಮೇಲಿನ ಗುಂಡಿ ತೋರಿಸುತ್ತಾರೆ. ಮೂರು ಊರಿನವರೂ ಈ ವಿಷಯಕ್ಕೆ ಹೊಡೆದಾಡಿದ್ದಾರೆ.

ಕರಡಿಗೆ ಎಲ್ಲೂ ಹೋಗಲಿಲ್ಲ. ಸಂತೆ ಮಾಳದ ಹುಣಸೆಮರದ ಕೊಂಬೆಗೆ ಶಿವದಾರ ಸಿಕ್ಕಿಕೊಂಡು, ನೆಲಕ್ಕೆ ಮೂರಾಳು ಮೇಲೆ ತೂಗುತ್ತಿತ್ತು. ಬಿದ್ದಿರಲಿಲ್ಲ. ಅಯ್ಯನವರು ಕೆಳಗೆ ನಿಂತು ಕೈಮುಗಿದರು. ಹತ್ತಿ ತರುತ್ತೇನೆಂದು ಬಂದ ಗಂಡನನ್ನು ನೀಲಗಂಗಮ್ಮ ಒಂದು ನೋಟದಲ್ಲಿ ನಿಲ್ಲಿಸಿ, ತಾನೇ ದೋಟಿ ತಂದು, ಸೆರಗು ಹಾಸಿ, ಅದನ್ನು ಮಡಿಲಿಗೆ ಇಳಿಸಿಕೊಂಡಳು.

ಮನೆಗೆ ಬಂದು ಚನ್ನಬಸವಯ್ಯ ಸುಟ್ಟ ಮೀಸೆ ಸವರಿಕೊಳ್ಳುತ್ತಾ, ಆದದ್ದಾಯಿತು, ನಾಳೆ ರಾಮಣ್ಣನನ್ನು ಕರೆಸುತ್ತೇನೆ, ಒಲೆಯನ್ನು ಹಳೇ ಜಾಗದಲ್ಲೇ ಹಾಕಿಸೋಣ, ಕಿಂಡಿಯನ್ನೂ ಬಿಡಿಸೋಣ ಎಂದ. ಅವನ ಮಟ್ಟಿಗೆ ಅದೇ ಕ್ಷಮಾಪಣೆ. ಅವಳು ಬೆಳಗಾಗುವಷ್ಟರಲ್ಲಿ ಹಿತ್ತಲಿನ ಒಲೆಗುಂಡುಗಳನ್ನು ಒಂದೊಂದಾಗಿ ಹೊತ್ತು ತಂದು, ಕ್ಲಬ್ಬಿನ ಮುಂಭಾಗದಲ್ಲಿ, ಮಿಷನ್ನು ನಿಂತಿದ್ದ ಜಾಗದಲ್ಲೇ, ಬೀದಿಗೆ ಮುಖ ಮಾಡಿ ಇಟ್ಟು ಮಣ್ಣು ಮೆತ್ತುತ್ತಿದ್ದಳು. ಹೆಂಗಸು ಮುಂದೆ ಕೂತರೆ ನಾಲ್ಕು ಜನ ಏನಂದಾರು ಅಂತ ಗಂಡ ಶುರುಮಾಡಿದ. ಮಣ್ಣಿನ ಕೈ ಎತ್ತಿ ಅವಳು ಅವನ ಮೇಲಿದ್ದ ಹೆಂಚಿಲ್ಲದ ಆಕಾಶ ತೋರಿಸಿದಳು. ಅವನು ಬಾಯಿ ಮುಚ್ಚಿದ.

ನಾಲ್ಕು ಜನ ಅಂದದ್ದು ಇಷ್ಟೇ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಯಾವ ವಿಷಯಕ್ಕೂ ಒಪ್ಪದ ಊರುಗಳು, ಆ ಕಾಫಿಗೆ ಮಾತ್ರ ನಾಲ್ಕೂ ಸೇರಿ ಒಂದೇ ಹೆಸರಿಟ್ಟವು, ನೀಲಗಂಗಮ್ಮನ ಕಾಫಿ. ಹಂಡೆಯ ಉಳಿದ ಅರ್ಧ ಅವಳ ಹಿತ್ತಲಲ್ಲಿ ಎಮ್ಮೆಗೆ ಕಲಗಚ್ಚು ಇಡುವ ಬಾನಿಯಾಯಿತು. ಸಿಟ್ಟು ಇಳಿಯಿತೇ ಅಂತ ಸರಸಮ್ಮ ಒಮ್ಮೆ ಬೇಲಿಯ ಹತ್ತಿರ ಕೇಳಿದ್ದಳು. ಇಳಿದರೆ ಕಾಫಿ ತಣ್ಣಗಾಗುತ್ತೆ ಕಣೇ ಅಂದಳಂತೆ.

ಚೂರಾದ ಸಾಮಾನಿನ ನಡುವೆ ಹೆಬ್ಬೆಟ್ಟಿನಷ್ಟು ದೊಡ್ಡ ಒಂದು ಕಪ್ಪು ಮಾತ್ರ ಕೂದಲು ಕೊಂಕದೆ ಸಿಕ್ಕಿತ್ತು. ಅದನ್ನು ಅವಳು ಒಲೆಯ ಪಕ್ಕದಲ್ಲಿ ಇಟ್ಟುಕೊಂಡಳು. ಬಂದ ಗಿರಾಕಿಗಳಿಗೆಲ್ಲ ಲೋಟದ ತುಂಬ, ನೊರೆ ಹೊರಗೆ ಇಣುಕುವ ಹಾಗೆ. ಗಂಡನಿಗೆ, ಬೆಳಗ್ಗೆ ಒಂದು ಸಲ, ಆ ಕಪ್ಪಿನಲ್ಲಿ. ಅವನು ಅದನ್ನು ಒಂದೇ ಗುಟುಕಿಗೆ ಮುಗಿಸಿ, ತಳ ನೋಡಿ, ಬೆಂಚಿನವರ ಲೋಟಗಳ ಕಡೆ ಕಣ್ಣು ಹಾಯಿಸಿ, ಇನ್ನು ಸ್ವಲ್ಪ ಹಾಕು ಅಂತ ಚಾಚುತ್ತಿದ್ದ. ಯುದ್ಧ ಶುರುವಾಗಿ, ಯುದ್ಧ ಮುಗಿದು, ಪರಂಗಿಯವರೆಲ್ಲ ಹಡಗು ಹತ್ತಿ ಹೋದ ಮೇಲೂ ದಿನಾ ಚಾಚುತ್ತಿದ್ದ. ಅವಳು ಡಿಕಾಕ್ಷನ್ನಿನ ಚೀಲದಿಂದ ಕಣ್ಣು ತೆಗೆಯದೆ ಒಂದೇ ಮಾತು ಹೇಳುತ್ತಿದ್ದಳು.

“ಎಸ್ಪ್ರೆಸ್ಸೊ ಬರೋದೇ ಅಷ್ಟು ಕಣ್ರೀ.”